ಬೊಗಳಿ ಕೆಟ್ಟ ನಾಯಿ

"ನಿಮ್ಮದು ಒಂಟಿ ಮನೆಯೋ, ಪಕ್ಕದ ಮನೆಗೆ ಅಂಟಿಕೊಂಡದ್ದೋ?"

ನಾಯಿಮರಿ ಕೇಳಿಕೊಂಡು ಹೋದವನಿಗೆ ಎದುರಾದ ಮೊದಲ ಪ್ರಶ್ನೆ ಇದು. ಹಗಲು ಮನೆಯಲ್ಲಿ ಯಾರಿರುತ್ತಾರೆ, ಹಿತ್ತಿಲಿಗೆ ಬೇಲಿ ಇದೆಯೇ, ಊರಿಗೆ ಹೋದಾಗ ನಾಯಿ ಯಾರು ನೋಡುತ್ತಾರೆ ಎಂಬಂಥವಕ್ಕೆಲ್ಲ ಕಾರಿನಲ್ಲೇ ಉತ್ತರ ಕಟ್ಟಿಕೊಂಡು ಹೋಗಿದ್ದೆ. ಗೋಡೆ ಬಗ್ಗೆ ಕೇಳುತ್ತಾರೆಂದು ಗೊತ್ತಿರಲಿಲ್ಲ. ಅಂಟಿಕೊಂಡದ್ದೇ ಎಂದೆ. ಇಂಗ್ಲೆಂಡಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದ ಸುತ್ತಲಿನ ಊರುಗಳಲ್ಲಿ ನಮ್ಮಂಥವರ ಕೈಗೆಟುಕುವ ಮನೆಗಳು ಹೆಚ್ಚಾಗಿ ಹಾಗೇ. ಎರಡು ಸಂಸಾರದ ನಡುವೆ ಒಂದೇ ಗೋಡೆ. ಪಕ್ಕದವರು ರಾತ್ರಿ ಕೆಮ್ಮಿದರೆ ನಮಗೆ ಕೇಳುತ್ತದೆ, ನಾವು ಇಂಗಿನ ಒಗ್ಗರಣೆ ಹಾಕಿದರೆ ಅವರಿಗೆ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದ, ನಾಯಿ ಸಾಕುವ ಆ ಅಜ್ಜಿಗೆ ಎಪ್ಪತ್ತು ದಾಟಿರಬೇಕು. ಇಲ್ಲ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. "ಮೊದಲು ಚಹಾ ಕುಡಿಯಿರಿ, ಆಮೇಲೆ ಬೆಸ್ ಜೊತೆ ಒಂದು ಸುತ್ತು ಹೋಗಿ ಬರೋಣ. ಅವಳ ಗಂಟಲು ಕೇಳಿದ ಮೇಲೂ ನಿಮಗೆ ಮರಿ ಬೇಕು ಅನ್ನಿಸಿದರೆ ಮಾತಾಡೋಣ" ಎಂದರು.

ಬೆಸ್ ಅವರ ಕಾಲ ಬುಡದಲ್ಲೇ ಮಲಗಿದ್ದಳು. ಸಸೆಕ್ಸ್ ಸ್ಪ್ಯಾನಿಯಲ್. ಅಲ್ಲಿಯವರೆಗೆ ಈ ತಳಿಯನ್ನು ಫೋಟೋದಲ್ಲಿ ಬಿಟ್ಟರೆ ನೋಡಿರಲಿಲ್ಲ. ಫೋಟೋದಲ್ಲಿ ಬಣ್ಣ ತಿಳಿಯುವುದೂ ಇಲ್ಲ. ಇಂಗ್ಲಿಷಿನವರು ಅದನ್ನು ಗೋಲ್ಡನ್ ಲಿವರ್ ಅನ್ನುತ್ತಾರೆ, ಅಂದರೆ ಹೊನ್ನು ಬೆರೆತ ಪಿತ್ತಜನಕಾಂಗದ ಬಣ್ಣ. ಕೇಳಿದರೆ ಹೊಟ್ಟೆ ತೊಳಸುತ್ತದೆ. ನಮ್ಮ ಕಡೆಯವರಿಗಾದರೆ ಒಂದೇ ಮಾತಲ್ಲಿ ಹೇಳಿಬಿಡಬಹುದು: ಚೊಗರು ಹಾಕಿ ಒಣಗಿಸಿದ ಕೆಂಪಡಿಕೆ ಬಣ್ಣ. ಕೂದಲ ಬುಡದಲ್ಲಿ ಆ ಕೆಂಪು, ತುದಿಗೆ ಬಂದಂತೆ ಜೋನಿಬೆಲ್ಲದ ಹೊಳಪು. ಕಿಟಕಿಯ ಬಿಸಿಲು ಬಿದ್ದ ಕಡೆ ಬೆನ್ನು ಹೊನ್ನಾಗಿ, ಮೇಜಿನ ನೆರಳು ಬಿದ್ದ ಕಡೆ ಕಂದಾಗಿ, ಒಂದೇ ನಾಯಿ ಎರಡರಂತೆ ಕಾಣುತ್ತಿತ್ತು.

ಎತ್ತರ ಮೊಣಕಾಲಿಗಿಂತ ಕೊಂಚ ಕೆಳಗೆ, ಹದಿನೈದು ಹದಿನಾರು ಇಂಚು. ತೂಕ ಮಾತ್ರ ಇಪ್ಪತ್ತು ಕಿಲೋ ಮೇಲೆ. ಮೈ ಉದ್ದ, ಕಾಲು ಗಿಡ್ಡ, ಎದೆ ಪೀಪಾಯಿ. ಅಗಲ ತಲೆಯ ಮೇಲೆ ಹುಬ್ಬು ಗಂಟಿಕ್ಕಿಕೊಂಡೇ ಇರುತ್ತದೆ. ತಾಳೆ ಬೀಳದ ಲೆಕ್ಕ ಮುಂದಿಟ್ಟುಕೊಂಡು ಕೂತ ಶಾನುಭೋಗರ ಮುಖ. ಎದ್ದು ನಡೆದರೆ ಭತ್ತದ ಮೂಟೆ ಹೇರಿದ ಗಾಡಿ ಗದ್ದೆಬದು ಇಳಿದ ಹಾಗೆ ಆ ಕಡೆ ಈ ಕಡೆ ತೊನೆಯುತ್ತದೆ. ಆ ತೊನೆದಾಟವೂ ತಳಿಯ ಲಕ್ಷಣವೇ. ನೇರವಾಗಿ ಚುರುಕಾಗಿ ನಡೆದರೆ ಅದು ಸಸೆಕ್ಸ್ ಅಲ್ಲ ಅನ್ನುತ್ತಾರೆ. ಕೈಚಾಚಿದೆ. ಮೂಸಿದಳು, ನಿಟ್ಟುಸಿರುಬಿಟ್ಟಳು, ನನ್ನ ಬೂಟಿನ ಮೇಲೆ ಗಲ್ಲ ಇಟ್ಟು ಮತ್ತೆ ಮಲಗಿದಳು.

ಗನ್ ಡಾಗ್ ಎಂಬ ಮಾತಿಗೆ ಕನ್ನಡದಲ್ಲಿ ಸರಿಯಾದ ಹೆಸರಿಲ್ಲ. ಬೇಟೆ ನಾಯಿ ಅಂದುಬಿಡುತ್ತೇವೆ. ಆದರೆ ನಮ್ಮ ಮುಧೋಳ ನಾಯಿಯನ್ನು ಗನ್ ಡಾಗ್ ಅನ್ನಲಾಗದು. ಮುಧೋಳದ್ದು ಕಣ್ಣಿನ ಬೇಟೆ. ಬಯಲಲ್ಲಿ ಮೊಲ ಕಂಡರೆ ಬಾಣದಂತೆ ಹೋಗಿ ತಾನೇ ಹಿಡಿಯುತ್ತದೆ, ಅಲ್ಲಿ ಕೋವಿಗೆ ಕೆಲಸವೇ ಇಲ್ಲ. ಗನ್ ಡಾಗ್ ಹಿಡಿಯುವ ನಾಯಿಯಲ್ಲ, ಹಿಡಿಯಬಾರದು ಕೂಡ. ಕೊಲ್ಲುವುದು ಕೋವಿಯ ಕೆಲಸ, ಕೋವಿಗೆ ಅನುವು ಮಾಡಿಕೊಡುವುದಷ್ಟೇ ನಾಯಿಯದು. ಪಾಯಿಂಟರ್ ಹಕ್ಕಿಯ ವಾಸನೆ ಹಿಡಿದು ಕಲ್ಲಿನಂತೆ ನಿಂತು ತೋರಿಸುತ್ತದೆ. ರಿಟ್ರೀವರ್ ಬಿದ್ದ ಹಕ್ಕಿಯನ್ನು ಗರಿ ಮುಕ್ಕಾಗದಂತೆ ಕಚ್ಚಿ ತರುತ್ತದೆ. ಸ್ಪ್ಯಾನಿಯಲ್ ಪೊದೆಯೊಳಗೆ ನುಗ್ಗಿ ಅಡಗಿದ್ದನ್ನು ಎಬ್ಬಿಸುತ್ತದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮಧ್ಯಮವರ್ಗದ ಸೋಫಾಗಳ ಮೇಲೆ ಕಿವಿ ಇಳಿಬಿಟ್ಟು ಕೂತಿರುತ್ತಿದ್ದ ಕಾಕರ್ ಸ್ಪ್ಯಾನಿಯಲ್‌ಗಳ ಮೂಲವೃತ್ತಿ ಇದೇ ಅಂತ ಆ ಮನೆಯವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ.

ಸ್ಪ್ಯಾನಿಯಲ್‌ಗಳೆಲ್ಲ ಈ ಕೆಲಸವನ್ನು ಬಾಯಿ ಮುಚ್ಚಿಕೊಂಡು ಮಾಡುತ್ತವೆ, ಸಸೆಕ್ಸ್ ಒಂದನ್ನು ಬಿಟ್ಟು. ಇದು ವಾಸನೆ ಸಿಕ್ಕ ಕೂಡಲೇ ಬೊಗಳುತ್ತದೆ. ಬೊಗಳುತ್ತಲೇ ಬೆನ್ನು ಹತ್ತುತ್ತದೆ. ಅದಕ್ಕೆ ಹೆಸರು ತಂದದ್ದು ಆ ಬೊಗಳು. ನನಗೆ ಕಾಣುವಂತೆ, ಅದನ್ನು ಕೆಡಿಸಿದ್ದೂ ಅದೇ.

ತಳಿ ಹುಟ್ಟಿದ ಜಾಗ ಅಜ್ಜಿಯ ಮನೆಯಿಂದ ದೂರವಿರಲಿಲ್ಲ. ಪೂರ್ವ ಸಸೆಕ್ಸಿನ ಬ್ರೈಟ್ಲಿಂಗ್ ಎಂಬ ಹಳ್ಳಿ. ಅಲ್ಲಿನ ಇಗರ್ಜಿಯ ಅಂಗಳದಲ್ಲಿ, ಸಾಲು ಗೋರಿಗಳ ಮಧ್ಯೆ, ಇಪ್ಪತ್ತೈದು ಅಡಿ ಎತ್ತರದ ಕಲ್ಲಿನ ಪಿರಮಿಡ್ ಒಂದಿದೆ. ಮೊದಲ ಸಲ ಕಂಡಾಗ ದಾರಿ ತಪ್ಪಿ ಈಜಿಪ್ಟಿಗೆ ಬಂದೆನೇನೋ ಅನ್ನಿಸಿತು. ಅದು ಜಾನ್ ಫುಲ್ಲರ್ ಎಂಬಾತನ ಸಮಾಧಿ. ಜನ ಮ್ಯಾಡ್ ಜ್ಯಾಕ್, ಅಂದರೆ ಹುಚ್ಚು ಜ್ಯಾಕ್ ಅನ್ನುತ್ತಿದ್ದರು. ಸಾಯುವುದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲೇ, 1811ರಲ್ಲಿ, ತನ್ನ ಗೋರಿ ತಾನೇ ಕಟ್ಟಿಸಿಟ್ಟುಕೊಂಡ. ಅದರೊಳಗೆ ಆತ ಸೂಟು ತೊಟ್ಟು, ಹುರಿದ ಕೋಳಿ ಮತ್ತು ವೈನ್ ಬಾಟಲಿ ಮುಂದಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಾನೆ ಅಂತ ಊರವರು ನೂರೈವತ್ತು ವರ್ಷ ಹೇಳಿಕೊಂಡು ಬಂದರು. 1982ರಲ್ಲಿ ರಿಪೇರಿಗೆ ಒಳಹೊಕ್ಕವರಿಗೆ ಕೋಳಿಯೂ ಇಲ್ಲ, ಕುರ್ಚಿಯೂ ಇಲ್ಲ. ಎಲ್ಲರಂತೆ ನೆಲದಡಿಯಲ್ಲೇ ಮಲಗಿದ್ದ.

ಫುಲ್ಲರ್ ಮನೆತನದ ಕಥೆ ಹೇಳದಿದ್ದರೆ ನಾಯಿಯ ಕಥೆ ಪೂರ್ತಿ ಆಗುವುದಿಲ್ಲ. ಹದಿನೆಂಟನೇ ಶತಮಾನದಲ್ಲಿ ಇವರು ಹತ್ತಿರದ ಹೀತ್‌ಫೀಲ್ಡಿನಲ್ಲಿ ಕಬ್ಬಿಣದ ಕುಲುಮೆ ಇಟ್ಟು ಫಿರಂಗಿ ಎರಕ ಹೊಯ್ಯುತ್ತಿದ್ದವರು. ಜಮೈಕಾದಲ್ಲಿ ಗುಲಾಮರಿಂದ ದುಡಿಸುವ ಕಬ್ಬಿನ ತೋಟಗಳೂ ಇದ್ದವು. ಹುಚ್ಚು ಜ್ಯಾಕ್ ಪಾರ್ಲಿಮೆಂಟಿನಲ್ಲಿ ನಿಂತು ಗುಲಾಮಗಿರಿಯ ಪರ ವಾದಿಸಿದವನು. 1810ರಲ್ಲಿ ಕುಡಿದು ಬಂದು ಸಭಾಧ್ಯಕ್ಷರನ್ನೇ ಬೈದು ಹೊರದಬ್ಬಿಸಿಕೊಂಡವನು. ಅದೇ ಮನುಷ್ಯ ಬೋಡಿಯಂ ಕೋಟೆ ಕೆಡವುವವರ ಪಾಲಾಗದಂತೆ ದುಡ್ಡು ಕೊಟ್ಟು ಉಳಿಸಿದ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಾಧ್ಯಾಪಕ ಪೀಠಕ್ಕೆ ಹಣ ಇಟ್ಟ. ರಸಾಯನಶಾಸ್ತ್ರದ ಆ ಪೀಠದಲ್ಲಿ ಮೊದಲು ಕೂತವರು ಮೈಕೇಲ್ ಫ್ಯಾರಡೆ. ನಾವು ಶಾಲೆಯಲ್ಲಿ ಓದಿದ ಫ್ಯಾರಡೆಯೇ. ಜಮೈಕಾದ ಬೆವರು ಎಲ್ಲೆಲ್ಲಿ ಹೋಗಿ ಇಂಗಿತು ನೋಡಿ. ಅದರ ಒಂದಿಷ್ಟು ಪಾಲು ಈ ನಾಯಿಗಳ ಗಂಜಿಗೂ ಬಿದ್ದಿರಬೇಕು.

ಏಕೆಂದರೆ ಈ ಮನೆತನದ ರೋಸ್‌ಹಿಲ್ ಎಸ್ಟೇಟಿನಲ್ಲೇ 1795ರ ಸುಮಾರಿಗೆ ಈ ಸ್ಪ್ಯಾನಿಯಲ್‌ಗಳ ಸಾಕಣೆ ಶುರುವಾಯಿತು ಎನ್ನುತ್ತದೆ ತಳಿಯ ಚರಿತ್ರೆ. ಹೆಸರು ಸಂದದ್ದು ಜ್ಯಾಕನಿಗಲ್ಲ, ಅವನ ಬಂಧು ಆಗಸ್ಟಸ್ ಎಲಿಯಟ್ ಫುಲ್ಲರನಿಗೆ. ಆಗ ಅವನಿಗಿನ್ನೂ ಹದಿನೆಂಟು. 1857ರಲ್ಲಿ ತೀರಿಕೊಳ್ಳುವವರೆಗೂ ಈ ನಾಯಿಗಳ ಹುಚ್ಚು ಬಿಡಲಿಲ್ಲ.

ಹುಚ್ಚೇ ಆದರೂ ಲೆಕ್ಕಾಚಾರದ ಹುಚ್ಚು. ಈ ಸೀಮೆಗೆ ವೀಲ್ಡ್ ಅನ್ನುತ್ತಾರೆ. ಒಂದು ಕಾಲದಲ್ಲಿ ಇಡೀ ಕಾಡು. ಮಣ್ಣು ಜೇಡಿ, ಚಳಿಗಾಲದ ಮಳೆ ಹಿಡಿದರೆ ಬೂಟು ಕಿತ್ತುಕೊಳ್ಳುವಷ್ಟು ಅಂಟು. ಗದ್ದೆಗಳ ನಡುವೆ ಮುಳ್ಳಿನ ಬೇಲಿಸಾಲು, ಅದರಾಚೆ ಬ್ಲ್ಯಾಕ್‌ಬೆರಿಯ ಮುಳ್ಳುಹಿಂಡು. ಕಾಲು ಉದ್ದದ ನಾಯಿಯಾದರೆ ಪೊದೆಯ ಸುತ್ತ ಓಡೀತು. ಒಳಹೊಗಲು ಗಿಡ್ಡ ಕಾಲು, ಒತ್ತಾದ ಕೂದಲು, ಮುಂದೆ ತಳ್ಳುವ ಎದೆ ಬೇಕು. ಸರಿ, ಒಳಹೊಕ್ಕಿತು. ಮುಳ್ಳಿನೊಳಗೆ ಕೆಂಪಡಿಕೆ ಬಣ್ಣದ ಗಿಡ್ಡ ನಾಯಿ ಯಾರ ಕಣ್ಣಿಗೆ ಬೀಳುತ್ತದೆ? ಹೊರಗೆ ಕೋವಿ ಹಿಡಿದು ನಿಂತವನಿಗೆ ಹಕ್ಕಿ ಯಾವ ಮಗ್ಗುಲಿಂದ ಹಾರುತ್ತದೆ ಗೊತ್ತಾಗುವುದು ಹೇಗೆ? ಅದಕ್ಕೇ ದನಿ. ಹೌಂಡ್ ನಾಯಿಗಳ ರಕ್ತ ಬೆರೆಸಿ ಈ ಗಂಟಲು ತಂದಿರಬೇಕೆಂಬುದು ಊಹೆ. ಬೇಟೆಕಾಡಿನ ಒಳ್ಳೆಯ ಕಾವಲುಗಾರನಿಗೆ ದನಿಯ ಮೇಲೇ ತಿಳಿಯುತ್ತಿತ್ತಂತೆ, ನಾಯಿ ಮೊಲದ ಹಿಂದಿದೆಯೋ ಹಕ್ಕಿಯ ಹಿಂದಿದೆಯೋ ಎಂದು.

ಇದನ್ನು ಓದಿದಾಗ ಇಂಗ್ಲೆಂಡಿನವರಿಗೆ ಏನನ್ನಿಸುತ್ತದೋ, ನನಗೆ ಊರಿನ ನಮ್ಮ ಮನೆ ನಾಯಿ ಕೆಂಚ ನೆನಪಾದ.

ನಮ್ಮದು ಹೊಸನಗರದ ಕಡೆ. ನಾನು ಹುಟ್ಟುವ ಹೊತ್ತಿಗೆ 1972ರ ವನ್ಯಜೀವಿ ಕಾಯ್ದೆ ಬಂದು ಶಿಕಾರಿ ನಿಂತುಹೋಗಿತ್ತು, ಕಾಗದದ ಮೇಲಾದರೂ. ಅಜ್ಜಯ್ಯನ ಕೇಪಿನ ಕೋವಿ ಗೋಡೆಗೆ ನೇತು ಬಿದ್ದಿತ್ತು. ಅದಕ್ಕೆ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಲ್ಲಿ ಜಡಿದು ಈಡು ಮಾಡುವ ವಿಧಾನವನ್ನು ಅಜ್ಜಯ್ಯ ಬರೀ ಕೈಯಲ್ಲಿ ಅಭಿನಯಿಸಿ ತೋರಿಸುತ್ತಿದ್ದರು. ಒಂದು ಈಡಾದ ಮೇಲೆ ಇನ್ನೊಂದಕ್ಕೆ ಒಂದು ಎಲೆಯಡಿಕೆ ಹಾಕುವಷ್ಟು ಹೊತ್ತು ಬೇಕು. ಅದಕ್ಕೇ ಹಳು ಸೋಯುವ, ಅಂದರೆ ಪೊದೆ ಕೆದಕಿ ಪ್ರಾಣಿ ಎಬ್ಬಿಸುವ ನಾಯಿಗೆ ಅವಸರ ಇರಬಾರದು ಅನ್ನುತ್ತಿದ್ದರು. ಹಳುವಿನಲ್ಲಿ ನಾಯಿಯ ದನಿ ಕೇಳಿಯೇ ಬಿಲ್ಲಿಗೆ, ಅಂದರೆ ಹೊಂಚು ಹಾಕಿ ಕೂತವರು ಕೋವಿ ಎತ್ತಿ ಹಿಡಿಯುತ್ತಿದ್ದುದಂತೆ. ಸುಮ್ಮನೆ ಹೋಗುವ ನಾಯಿ ಏನಕ್ಕೂ ಬಾರದ್ದು, ಕಳ್ಳನ ಜೊತೆಗೆ ಸರಿ.

ಕೆಂಚನಿಗೆ ಶಿಕಾರಿ ಸಿಗಲಿಲ್ಲ, ಅಡಿಕೆ ತೋಟ ಸಿಕ್ಕಿತು. ಅವ್ವ ಅಡುಗೆಮನೆಯಲ್ಲಿ ಒಲೆ ಮುಂದೆ ಕೂತಲ್ಲಿಂದಲೇ ಅವನ ಬೊಗಳು ಕೇಳಿ ಹೇಳುತ್ತಿದ್ದಳು. ಎರಡೆರಡಾಗಿ ಕಡಿದು ಕಡಿದು ಬೊಗಳಿದರೆ ತೋಟಕ್ಕೆ ಮಂಗ. ಒಂದೇ ಕಡೆ ನಿಂತು ಹಿಂದೆ ಮುಂದೆ ಜಿಗಿಯುತ್ತಾ ಕೀರಲು ದನಿ ತೆಗೆದರೆ ಹಾವು. ಆಗ ನಮ್ಮನ್ನು ಜಗಲಿಯಿಂದ ಇಳಿಯಗೊಡುತ್ತಿರಲಿಲ್ಲ. ಎಳೆದು ರಾಗವಾಗಿ ಬೊಗಳಿದರೆ ಯಾರೋ ಪರಿಚಯದವರೇ ಬಂದಿದ್ದಾರೆ, ಕಾಫಿಗೆ ನೀರಿಡಬೇಕು. ತಪ್ಪಿದ್ದು ಕಡಿಮೆ. ಒಮ್ಮೆ ಮಂಗ ಅಂದುಕೊಂಡು ಕವಣೆ ಹಿಡಿದು ಓಡಿದರೆ ಬ್ಯಾಂಕಿನವರು ಬಂದಿದ್ದರು. ಅಪ್ಪಯ್ಯ ಆಮೇಲೆ ಕೆಂಚನ ಲೆಕ್ಕ ಸರಿಯಾಗೇ ಇತ್ತು ಅಂದರು.

ಹೀಗೆ ದನಿಯನ್ನೇ ನೆಚ್ಚಿ ಹುಟ್ಟಿದ ತಳಿಗೆ ಆ ದನಿಯೇ ಮುಳುವಾದದ್ದು ಕೋವಿ ಬದಲಾದ್ದರಿಂದ. ಅಜ್ಜಯ್ಯನ ಕೋವಿಯಂಥವೇ ಇಂಗ್ಲೆಂಡಿನಲ್ಲೂ ಇದ್ದ ಕಾಲದಲ್ಲಿ, ಬೇಟೆಯೆಂದರೆ ಒಬ್ಬನೋ ಇಬ್ಬರೋ ನಾಯಿ ಜೊತೆ ಬೇಲಿಸಾಲು ಹಿಡಿದು ಹೊರಟು, ಸಂಜೆಗೆ ನಾಲ್ಕು ಹಕ್ಕಿ ಒಂದು ಮೊಲ ತರುವುದು. ನಾಯಿ ಕೋವಿಯಿಂದ ಮೂವತ್ತು ನಲವತ್ತು ಗಜದೊಳಗೆ ಇದ್ದುಕೊಂಡು, ನಿಧಾನಕ್ಕೆ ಒಂದು ಪೊದೆಯೂ ಬಿಡದಂತೆ ಕೆದಕಬೇಕಿತ್ತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಫ್ರಾನ್ಸಿನ ಲೆಫೋಶೋ ಕೋವಿ ಕಂಡ ಮೇಲೆ, ಹಿಂದಿನಿಂದ ತೋಟಾ ತುಂಬುವ ಕೋವಿ ಇಂಗ್ಲೆಂಡಿನಲ್ಲೂ ಹಬ್ಬಿತು. ಕ್ಷಣಕ್ಕೊಂದು ಈಡು. ಶ್ರೀಮಂತರ ಬೇಟೆಯ ರೂಪವೇ ಬದಲಾಯಿತು. ಫೆಸೆಂಟ್ ಹಕ್ಕಿಗಳನ್ನು ಕೋಳಿಯಂತೆ ಸಾಕಿ ಕಾಡಿಗೆ ಬಿಡುವುದು, ಆಳುಗಳನ್ನು ಸಾಲಾಗಿ ನಿಲ್ಲಿಸಿ ಕೋಲು ಬಡಿದು ಎಬ್ಬಿಸುವುದು, ಎದುರು ದೊರೆಗಳು ನಿಂತಲ್ಲೇ ನಿಂತು ಹೊಡೆಯುವುದು. ದೆಹಲಿ ದರ್ಬಾರು ಮುಗಿಸಿ ಹೋದ ಎರಡು ವರ್ಷಕ್ಕೆ, 1913ರ ಡಿಸೆಂಬರಿನಲ್ಲಿ, ಐದನೇ ಜಾರ್ಜ್ ಮತ್ತು ಸಂಗಡಿಗರು ಹಾಲ್ ಬಾರ್ನ್ ಎಂಬಲ್ಲಿ ಒಂದೇ ದಿನ 3,900ಕ್ಕೂ ಹೆಚ್ಚು ಫೆಸೆಂಟ್ ಉರುಳಿಸಿದರು. ಇದನ್ನು ಶಿಕಾರಿ ಅಂದರೆ ಅಜ್ಜಯ್ಯ ಎಲೆಯಡಿಕೆ ಉಗಿದುಬಿಡುತ್ತಿದ್ದರು.

ಅಂಥ ಕಡೆ ಬೊಗಳುವ ನಾಯಿ ಎಂದರೆ ಮದುವೆ ಮುಹೂರ್ತದಲ್ಲಿ ಸೀನಿದಂತೆ. ಆಳುಗಳು ಎಬ್ಬಿಸುವ ಮೊದಲೇ ಹಕ್ಕಿಯೆಲ್ಲ ಚದುರಿ ಹೋಗುತ್ತದೆ. ಬೇಕಾದದ್ದು ಹೇಳಿದಾಗ ಹೋಗಿ, ಬಿದ್ದದ್ದು ಹೆಕ್ಕಿ ತಂದು, ಮತ್ತೆ ತೆಪ್ಪಗೆ ಕೂರುವ ಲ್ಯಾಬ್ರಡಾರ್. ಪೊದೆ ಕೆದಕುವ ಕೆಲಸ ಎಲ್ಲೋ ಉಳಿದಿದ್ದ ಕಡೆಯೂ ಮಿಂಚಿನಂತೆ ಓಡುವ ಸ್ಪ್ರಿಂಗರ್ ಬಂತು. 1899ರ ಜನವರಿಯಲ್ಲಿ ಡರ್ಬಿಶೈರಿನ ಸಟನ್ ಸ್ಕಾರ್ಸ್‌ಡೇಲ್‌ನಲ್ಲಿ ಸ್ಪ್ಯಾನಿಯಲ್‌ಗಳಿಗೆ ಮೊದಲ ಬಾರಿ ಕೆಲಸದ ಸ್ಪರ್ಧೆ ಇಟ್ಟರು. ಮುಂದೆ ಇಂಥ ಸ್ಪರ್ಧೆಗಳ ನಿಯಮ ಗಟ್ಟಿಯಾಗುತ್ತಾ ಬಂದಂತೆ, ಬೊಗಳಿದ ನಾಯಿ ಅಲ್ಲಿಗೇ ಹೊರಗೆ ಎಂಬುದೂ ಗಟ್ಟಿಯಾಯಿತು.

ನನ್ನನ್ನು ಬಹಳ ದಿನ ಕಾಡಿದ್ದು ಇದು. ಕೆನೆಲ್ ಕ್ಲಬ್ ಅಂದರೆ ನಾಯಿ ತಳಿಗಳ ನೋಂದಣಿ ನೋಡಿಕೊಳ್ಳುವ, 1873ರಲ್ಲಿ ಹುಟ್ಟಿದ ಬ್ರಿಟಿಷ್ ಸಂಸ್ಥೆ. ಅದು ಪ್ರತಿ ತಳಿಗೂ ಒಂದು ಲಕ್ಷಣಪಟ್ಟಿ ಇಟ್ಟಿದೆ, ಜಾತಕ ಅನ್ನಿ. ಸಸೆಕ್ಸ್ ಸ್ಪ್ಯಾನಿಯಲ್ ಜಾತಕದಲ್ಲಿ, ದಟ್ಟ ಪೊದೆಯಲ್ಲಿ ಕೆಲಸ ಮಾಡುವಾಗ ದನಿ ಕೊಡುತ್ತದೆ ಎಂದು ಸ್ಪಷ್ಟವಾಗಿ ಬರೆದಿದೆ. ಅದೇ ಕ್ಲಬ್ಬಿನ ಸ್ಪರ್ಧೆಯ ನಿಯಮಪುಸ್ತಕ ತೆಗೆದರೆ, ಬೊಗಳುವುದು ನಾಯಿಯನ್ನು ಕಣದಿಂದ ಕಳಿಸುವಂಥ ತಪ್ಪು. ಒಂದು ಪುಸ್ತಕದಲ್ಲಿ ಲಕ್ಷಣ, ಇನ್ನೊಂದರಲ್ಲಿ ದೋಷ. ತನ್ನ ಜಾತಕಕ್ಕೆ ತಕ್ಕಂತೆ ನಡೆದುಕೊಂಡ ನಾಯಿ ಸ್ಪರ್ಧೆಯಲ್ಲಿ ಸೋಲಲೇಬೇಕು. ಸಂಗೀತ ಕಾಲೇಜಿಗೆ ಸೇರಿಸಿಕೊಂಡು ಹಾಡಿದರೆ ದಂಡ ಹಾಕಿದ ಹಾಗೆ. ಕೇಳಿದರೆ ಅಜ್ಜಿ ನಕ್ಕರು. "ನಮ್ಮ ದೇಶದಲ್ಲಿ ಒಂದು ಕಚೇರಿಯ ಎರಡು ಕೋಣೆ ಮಾತಾಡಿಕೊಳ್ಳುವುದಿಲ್ಲ" ಎಂದರು. ನಿಮ್ಮ ದೇಶದಲ್ಲಿ ಮಾತ್ರವೇ ಎಂದು ನಾನು ಕೇಳಲಿಲ್ಲ.

ಕೆಲಸ ಹೋದ ನಾಯಿಗಳನ್ನು ಉಳಿಸಿದ್ದು ಷೋಗಳು. 1880ರ ದಶಕದಲ್ಲಿ ಕ್ಯಾಂಪ್‌ಬೆಲ್ ನ್ಯೂವಿಂಗ್ಟನ್ ಎಂಬವರು ರೋಸ್‌ಹಿಲ್ ಎಂಬ ಹಳೆಯ ಹೆಸರನ್ನೇ ತಮ್ಮ ನಾಯಿಗಳಿಗಿಟ್ಟು ತಳಿಯನ್ನು ಮತ್ತೆ ಎತ್ತಿದರು. 1884ರಲ್ಲಿ ಅಮೆರಿಕದ ಕೆನೆಲ್ ಕ್ಲಬ್ ಆರಂಭವಾದಾಗ ಮಾನ್ಯತೆ ಪಡೆದ ಬೆರಳೆಣಿಕೆಯ ತಳಿಗಳಲ್ಲಿ ಇದೂ ಇತ್ತು. ಷೋಗಳ ಬಗ್ಗೆ ನನಗೆ ತಕರಾರಿದೆ. ಅಲ್ಲಿ ಬಣ್ಣ ನೋಡುತ್ತಾರೆ, ತಲೆಬುರುಡೆ ನೋಡುತ್ತಾರೆ, ಗಾಢ ಕಂದಾದರೆ ಮುಖ ಸಿಂಡರಿಸುತ್ತಾರೆ. ಗಂಟಲು ಯಾರೂ ನೋಡುವುದಿಲ್ಲ, ನೋಡಲು ಆ ರತ್ನಗಂಬಳಿಯ ಮೇಲೆ ಮುಳ್ಳಿನ ಪೊದೆ ಎಲ್ಲಿದೆ? ಆದರೂ ಷೋ ಇಲ್ಲದಿದ್ದರೆ ಇವತ್ತು ತಕರಾರು ಮಾಡಲಿಕ್ಕಾದರೂ ಒಂದು ನಾಯಿ ಉಳಿದಿರುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲ ಎಲ್ಲಕ್ಕಿಂತ ಕಠಿಣ. ಮನುಷ್ಯರಿಗೇ ಮಾಂಸ ರೇಷನ್ನಿನಲ್ಲಿ. ನಾಯಿಗೆ ಮರಿ ಹಾಕಿಸಬೇಡಿ ಎಂಬ ಮಾತು ಎಲ್ಲೆಡೆ. ಆ ವರ್ಷಗಳಲ್ಲಿ ಜಾಯ್ ಫ್ರೀರ್ ಎಂಬ ಹೆಣ್ಣುಮಗಳು ತನ್ನ ಕೆಲವೇ ನಾಯಿಗಳನ್ನು ಬಿಡದೆ ಸಾಕಿಕೊಂಡಳು. 1947ರಲ್ಲಿ, ಯುದ್ಧ ಮುಗಿದು ಎರಡು ವರ್ಷವಾದ ಮೇಲೂ, ಇಂಗ್ಲೆಂಡಿನಲ್ಲಿ ನೋಂದಣಿಯಾದ ಸಸೆಕ್ಸ್ ಸ್ಪ್ಯಾನಿಯಲ್ ಹತ್ತು. ಇಂದಿನ ಸಸೆಕ್ಸ್‌ಗಳ ವಂಶ ಹಿಡಿದು ಹಿಂದಕ್ಕೆ ಹೋದರೆ ಅವಳ ಹಿತ್ತಿಲಿಗೆ ಹೋಗಿ ನಿಲ್ಲುತ್ತೇವೆ. ಇಂಥವರ ಹೆಸರಿಗೆ ಪಿರಮಿಡ್ ಕಟ್ಟುವವರಿಲ್ಲ.

ಇಷ್ಟು ಕಿರಿದಾದ ಬಾಗಿಲಲ್ಲಿ ನುಸುಳಿ ಬಂದ ತಳಿಗೆ ಅದರ ತೆರಿಗೆಯೂ ಇದೆ. ಹೊರಗಿನ ರಕ್ತ ಬರುವಂತಿಲ್ಲ, ಇರುವವರೊಳಗೇ ಸಂಬಂಧ. ನಮ್ಮಲ್ಲಿ ಗೋತ್ರ ನೋಡಿ ಮದುವೆ ಮಾಡುತ್ತಾರೆ. ಇಲ್ಲಿ ಎಲ್ಲವೂ ಒಂದೇ ಗೋತ್ರ. ಈ ತಳಿಯಲ್ಲೂ ಇದರ ದಾಯಾದಿ ಕ್ಲಂಬರ್ ಸ್ಪ್ಯಾನಿಯಲ್‌ನಲ್ಲೂ ಕಾಣಿಸುವ ಒಂದು ಕಾಯಿಲೆಯಿದೆ. ತಿಂದದ್ದನ್ನು ಶಕ್ತಿಯಾಗಿಸುವ ಹಾದಿಯಲ್ಲಿ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ಆಡುತ್ತಾ ಓಡುತ್ತಾ ಇದ್ದ ಮರಿ ಸ್ವಲ್ಪ ದೂರಕ್ಕೇ ಕುಸಿದು ಕೂತುಬಿಡುತ್ತದೆ. ತಂದೆ ತಾಯಿ ಇಬ್ಬರಿಂದಲೂ ಆ ದೋಷ ಇಳಿದುಬಂದರೆ ಮಾತ್ರ ಹೀಗೆ. ಒಬ್ಬರಿಂದ ಬಂದರೆ ನಾಯಿ ಚೆನ್ನಾಗೇ ಇರುತ್ತದೆ, ಮುಂದಿನವರಿಗೆ ದಾಟಿಸಬಲ್ಲದು ಅಷ್ಟೇ. ಈಗ ಕೆನ್ನೆಯೊಳಗಿನ ಎಂಜಲು ಒರೆಸಿ ಕಳಿಸಿದರೆ ಗೊತ್ತಾಗುವ ಪರೀಕ್ಷೆ ಬಂದಿದೆ. ದೋಷ ಹೊತ್ತ ನಾಯಿಗಳನ್ನೆಲ್ಲ ತೆಗೆದುಬಿಟ್ಟರಾಯಿತಲ್ಲ ಎಂದೆ ನಾನು, ಎಲ್ಲವೂ ಬಲ್ಲವನಂತೆ.

"ತೆಗೆದುಬಿಟ್ಟರೆ ಉಳಿಯುವುದೆಷ್ಟು?" ಎಂದರು ಅಜ್ಜಿ. ಇರುವ ನಾಯಿಗಳೇ ಕಡಿಮೆ. ಅದರಲ್ಲಿ ಒಂದು ಭಾಗ ಬದಿಗಿಟ್ಟರೆ ಉಳಿದವುಗಳ ನಂಟು ಇನ್ನೂ ಹತ್ತಿರವಾಗಿ ಇನ್ನೊಂದು ಕಾಯಿಲೆ ತಲೆ ಎತ್ತುತ್ತದೆ. ಹಾಗಾಗಿ ದೋಷ ಹೊತ್ತದ್ದನ್ನು ದೋಷ ಇಲ್ಲದ್ದಕ್ಕೇ ಕೂಡಿಸಿ, ಹುಟ್ಟಿದ ಮರಿಗಳನ್ನೂ ಪರೀಕ್ಷಿಸಿ, ಒಂದೊಂದೇ ತಲೆಮಾರು ದಾಟಿಸುತ್ತಾ ಹೋಗಬೇಕು. ಅವರ ಬಳಿ ಒಂದು ರಟ್ಟಿನ ಪುಸ್ತಕವಿತ್ತು. ಪೆನ್ಸಿಲಿನಲ್ಲಿ ಬರೆದ ವಂಶವೃಕ್ಷ, ಪಕ್ಕದಲ್ಲಿ ಸಣ್ಣ ಗುರುತು, ಅಲ್ಲಲ್ಲಿ ರಬ್ಬರಿನಿಂದ ಒರೆಸಿದ ಕಲೆ. ಬೆಸ್‌ಗೆ ಮುಂದೆ ಯಾವ ಗಂಡು ಎಂಬುದಕ್ಕೆ ಮೂರು ಹೆಸರು ಬರೆದು ಎರಡನ್ನು ಹೊಡೆದು ಹಾಕಿದ್ದರು. ನಮ್ಮೂರ ಭಟ್ಟರು ಜಾತಕ ಹರವಿಕೊಂಡು ಕೂರುವ ಹಾಗೇ, ಕನ್ನಡಕ ಮೂಗಿನ ತುದಿಗೆ.

ಕೆನೆಲ್ ಕ್ಲಬ್, ವರ್ಷಕ್ಕೆ ಮುನ್ನೂರು ಮರಿಯೂ ನೋಂದಣಿಯಾಗದ ಬ್ರಿಟಿಷ್ ತಳಿಗಳನ್ನು ಅಳಿವಿನಂಚಿನ ಪಟ್ಟಿಗೆ ಹಾಕುತ್ತದೆ. ಸಸೆಕ್ಸ್ ಅಲ್ಲಿ ಕಾಯಂ. ಎಷ್ಟೋ ವರ್ಷ ನೂರನ್ನೂ ಮುಟ್ಟುವುದಿಲ್ಲ. ಲ್ಯಾಬ್ರಡಾರ್ ಮರಿಗಳು ಹತ್ತಾರು ಸಾವಿರದ ಲೆಕ್ಕದಲ್ಲಿ ನೋಂದಣಿಯಾಗುವ ದೇಶದಲ್ಲಿ.

ಒಂದೇ ಒಂದು ಸಲ ಇಡೀ ಜಗತ್ತು ಈ ತಳಿಯ ಕಡೆ ತಿರುಗಿ ನೋಡಿತ್ತು. ಅದು ಇಂಗ್ಲೆಂಡಿನಲ್ಲಲ್ಲ, ನ್ಯೂಯಾರ್ಕಿನಲ್ಲಿ. ಸ್ಟಂಪ್ ಎಂಬ ಗಂಡು. 2004ರಲ್ಲಿ ಅಲ್ಲಿನ ವೆಸ್ಟ್‌ಮಿನ್‌ಸ್ಟರ್ ನಾಯಿ ಷೋನಲ್ಲಿ ಬೇಟೆ ತಳಿಗಳ ಗುಂಪು ಗೆದ್ದಿದ್ದವನು ಅದೇ ವರ್ಷ ಕಾಯಿಲೆ ಬಿದ್ದು, ಟೆಕ್ಸಸ್ಸಿನ ಪಶು ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಜೀವನ್ಮರಣದ ನಡುವೆ ಇದ್ದ. ಬದುಕಿದ. ಆಮೇಲೆ ಸ್ಪರ್ಧೆ ಬಿಟ್ಟು ಮನೆಯಲ್ಲಿ ಮುದುಕರಂತೆ ಇದ್ದವನನ್ನು 2009ರಲ್ಲಿ, ಅವನನ್ನು ನೋಡಿಕೊಳ್ಳುತ್ತಿದ್ದ ಸ್ಕಾಟ್ ಸೋಮರ್, ಕೊನೇ ಗಳಿಗೆಯಲ್ಲಿ ಮನಸ್ಸು ಮಾಡಿ ಮತ್ತೆ ಕಣಕ್ಕಿಳಿಸಿದರು. ಹತ್ತು ವರ್ಷದ ನಾಯಿ. ತೊನೆಯುತ್ತಾ ಬಂದ, ನಿಂತ, ಎಲ್ಲ ತಳಿಗಳನ್ನೂ ಮೀರಿ ಒಟ್ಟು ಷೋ ಗೆದ್ದ. ಆ ಪ್ರಶಸ್ತಿ ಗೆದ್ದವರಲ್ಲಿ ಅತಿ ಹಿರಿಯ. ನಾನು ಆ ವಿಡಿಯೋ ಹತ್ತಾರು ಸಲ ನೋಡಿದ್ದೇನೆ. ಜನ ಕೂಗಿ ಚಪ್ಪಾಳೆ ತಟ್ಟುತ್ತಿದ್ದರೆ ಅವನ ಹುಬ್ಬು ಮಾತ್ರ ಗಂಟಿಕ್ಕಿಕೊಂಡೇ ಇದೆ.

ಚಹಾ ಮುಗಿಸಿ ಹೊರಟಾಗ ಮಧ್ಯಾಹ್ನ ಎರಡು. ಫೆಬ್ರವರಿ ಎರಡನೇ ವಾರ. ಫೆಸೆಂಟ್ ಬೇಟೆ ಫೆಬ್ರವರಿ 1ಕ್ಕೇ ಮುಗಿದಿರುತ್ತದೆ, ಹಾಗಾಗಿ ಕೋವಿಯ ಸುದ್ದಿಯಿಲ್ಲ. ಪರಿಚಯದ ರೈತನ ಹೊಲ, ಅದರಂಚಿಗೆ ಕಾಡು. ನನ್ನ ಬೂಟಿಗೆ ಎರಡೂ ಕಡೆ ಒಂದೊಂದು ಸೇರು ಜೇಡಿ ಮೆತ್ತಿಕೊಂಡಿತು. ಜೊತೆಗೆ ಬಂದಿದ್ದ ಮಗಳಿಗೆ ಹದಿಮೂರು ವರ್ಷ. ದಾರಿಯುದ್ದಕ್ಕೂ ಫೋನ್ ನೋಡುತ್ತಾ ಬಂದವಳು ಬೆಸ್‌ನ ಬಾರು ಕೈಗೆ ಬಂದ ಮೇಲೆ ಫೋನನ್ನು ನನ್ನ ಜೇಬಿಗೆ ಹಾಕಿದಳು.

ಮುಳ್ಳುಹಿಂಡಿನ ಹತ್ತಿರ ಬಂದಾಗ ಅಜ್ಜಿ ಬಾರು ಬಿಚ್ಚಿದರು. ಅಷ್ಟು ಹೊತ್ತು ಮೂಟೆಯಂತೆ ಉರುಳಿಕೊಂಡು ಬಂದಿದ್ದ ಬೆಸ್ ಒಂದು ಕ್ಷಣ ನಿಂತಳು. ಮೂಗು ನೆಲಕ್ಕೆ ಇಳಿಯಿತು, ಬಾಲ ಅಡ್ಡಡ್ಡ ಬಡಿಯತೊಡಗಿತು. ಆಮೇಲೆ ಮುಳ್ಳಿನ ಗೋಡೆಗೆ ತಲೆ ಕೊಟ್ಟು ತಳ್ಳಿದಳು. ಓಡಲಿಲ್ಲ, ಹಾರಲಿಲ್ಲ, ಎಮ್ಮೆ ಕೆರೆಗಿಳಿದಂತೆ ಒಳಗೆ ಇಳಿದುಹೋದಳು. ಬಳ್ಳಿಗಳು ಒಮ್ಮೆ ಅಲುಗಿ ಮತ್ತೆ ಮುಚ್ಚಿಕೊಂಡವು. ಎಲ್ಲಿದ್ದಾಳೆ ಎಂದು ತೋರಿಸುವಂಥದ್ದು ಏನೂ ಇಲ್ಲ. ಒಣಗಿದ ಎಲೆಯ ಸದ್ದು ಒಮ್ಮೆ ಎಡಕ್ಕೆ, ಒಮ್ಮೆ ಎಲ್ಲೂ ಇಲ್ಲ. ಅಜ್ಜಿ ತುಟಿಯ ಮೇಲೆ ಬೆರಳಿಟ್ಟರು.

ಮೊದಲು ಬಂದದ್ದು ಬೊಗಳಲ್ಲ, ಗಂಟಲಲ್ಲೇ ಹಿಡಿದ ಮುಲುಕು. ಆಮೇಲೆ ಒಂದು, ಇನ್ನೊಂದು. ಗಿಡ್ಡ ಮೈಯೊಳಗಿಂದ ಬಂದದ್ದೆಂದು ನಂಬಲಾಗದಷ್ಟು ತುಂಬು ದನಿ, ಹಿತ್ತಾಳೆ ಕೊಡಪಾನಕ್ಕೆ ಬಡಿದಂತೆ. ದನಿ ಪೊದೆಯೊಳಗೆ ಬಲಕ್ಕೆ ಸರಿಯಿತು, ಸ್ವಲ್ಪ ಮೇಲೇರಿತು, ಹತ್ತಿರ ಹತ್ತಿರವಾಯಿತು. ಕಣ್ಣಿಗೆ ಕಾಣದ ನಾಯಿ ಈಗ ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಬಹುದಿತ್ತು. "ಹಕ್ಕಿ" ಎಂದರು ಅಜ್ಜಿ, ಮೊಲ ಅಲ್ಲ ಎಂಬಂತೆ ತಲೆಯಲ್ಲಾಡಿಸಿ. ನಾಲ್ಕೆಣಿಸುವಷ್ಟರಲ್ಲಿ ಬಲಗಡೆ ಅಂಚಿನಿಂದ ಒಂದು ಹುಂಜ ಫೆಸೆಂಟ್ ರೆಕ್ಕೆ ಪಟಪಟಿಸಿ ನೇರ ಮೇಲೆದ್ದು, ತಾಮ್ರದ ಬಾಲ ಎಳೆದುಕೊಂಡು ಹೊಲದಾಚೆ ಹಾರಿಹೋಯಿತು. ನಾನು ನೋಡುತ್ತಿದ್ದ ಜಾಗದಿಂದಲೇ. ನನ್ನ ಎಡಗೈ ತನ್ನಷ್ಟಕ್ಕೆ ಮುಂದೆ ಚಾಚಿಕೊಂಡಿತ್ತು, ಕೋವಿಯ ನಳಿಗೆ ಹಿಡಿದ ಹಾಗೆ. ಮಗಳು ನೋಡಿ ನಕ್ಕಳು. ನಾನು ಜೀವಮಾನದಲ್ಲಿ ಒಂದು ಈಡು ಹೊಡೆದವನಲ್ಲ.

ಬೆಸ್ ಹೊರಬಂದಾಗ ಕಿವಿಯ ಕೂದಲಲ್ಲಿ ಮುಳ್ಳು, ಮೂಗಿನ ಮೇಲೆ ಸಾಸಿವೆ ಕಾಳಿನಷ್ಟು ರಕ್ತ. ಅಜ್ಜಿ ಕೂತು ಒಂದೊಂದೇ ಮುಳ್ಳು ಬಿಡಿಸಿದರು.

ಮರಿಯ ವಿಷಯ ಏನಾಯಿತೆಂದರೆ, ನಮ್ಮ ಹೆಸರು ಆ ರಟ್ಟಿನ ಪುಸ್ತಕದ ಕೊನೆಯ ಹಾಳೆಯಲ್ಲಿ, ಏಳನೆಯದಾಗಿ, ಪೆನ್ಸಿಲಿನಲ್ಲಿ ಇದೆ. ಹೆಸರಿನ ಮುಂದೆ "ಗೋಡೆ?" ಎಂದು ಬರೆದಿದ್ದಾರೆ. ಪಕ್ಕದ ಮನೆಯವರನ್ನು ಒಮ್ಮೆ ಕರೆದುಕೊಂಡು ಬಂದು ಬೆಸ್‌ನ ಬೊಗಳು ಕೇಳಿಸಬೇಕಂತೆ. ಅವರನ್ನು ಯಾವ ಬಾಯಲ್ಲಿ ಕೇಳುವುದೆಂದು ಇನ್ನೂ ಯೋಚಿಸುತ್ತಿದ್ದೇನೆ. ಅಷ್ಟರಲ್ಲಿ ಹೆಂಡತಿ ಒಂದು ಡಬ್ಬಿ ಕೋಡುಬಳೆ ಕೊಟ್ಟು ದಾರಿ ಮಾಡಿಟ್ಟಿದ್ದಾಳೆ.

ಪೊದೆಯೊಳಗಿನ ಬೊಗಳನ್ನು ಮಗಳು ನನ್ನ ಜೇಬಿಂದ ಫೋನ್ ಕಿತ್ತು ರೆಕಾರ್ಡ್ ಮಾಡಿಕೊಂಡಿದ್ದಳು. ಅದನ್ನು ಆ ರಾತ್ರಿ ಊರಿಗೆ, ಅವ್ವನ ವಾಟ್ಸ್ಯಾಪಿಗೆ ಕಳಿಸಿದೆ. ಯಾವ ನಾಯಿ, ಎಲ್ಲಿ, ಏನು ಅಂತ ಬರೆಯಲಿಲ್ಲ. ಬೆಳಿಗ್ಗೆ ಏಳುವಷ್ಟರಲ್ಲಿ ದನಿ ಸಂದೇಶ ಬಂದಿತ್ತು. ಹಿಂದೆ ಪಾತ್ರೆ ಸದ್ದು, ಯಾವುದೋ ಕೋಳಿ ಕೂಗು.

"ಮಂಗ ಅಲ್ಲ ಮಾರಾಯ ಅದು. ಹಾವೂ ಅಲ್ಲ. ಎಂತದೋ ಎಬ್ಬಿಸ್ತಾ ಉಂಟು, ಹಾರೋದು. ಯಾರ ಮನೆ ನಾಯಿ? ಅದಕ್ಕೆ ಹೊಟ್ಟೆಗೆ ಎಂತಾದ್ರೂ ಹಾಕಿದ್ರಾ?"